ಮೊಗಸಾಲೆಯೂ ಮೇಸ್ತ್ರಿಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿಲ್ಲ. ಆದರೆ ಕಟ್ಟಿ ಮುಗಿದ ಮನೆಯ ಮುಂದೆ ಒಂದು ಸಣ್ಣ ಮೊಗಸಾಲೆಯನ್ನು ಸೇರಿಸಹೊರಟವನ ಪಾಡೇನೆಂಬುದನ್ನು ಆ ಗಾದೆಯನ್ನು ಮಾಡಿದ ಹಿರಿಯರು ಹೇಳಲಿಲ್ಲ. ಅವರ ಕಾಲದಲ್ಲಿ ಜಗಲಿಯಿಲ್ಲದ ಮನೆಯೇ ಅಪೂರ್ವವಾಗಿದ್ದುದರಿಂದ ಆ ಪ್ರಸಂಗವೇ ಅವರಿಗೆ ಒದಗಿರಲಾರದು. ಇಡೀ ಮನೆಯನ್ನು ಕಟ್ಟಿಸುವವನಿಗೆ ಇಂಜಿನಿಯರರ ಸಹಾಯವುಂಟು, ನಕ್ಷೆಯುಂಟು. ಬ್ಯಾಂಕಿನ ಸಾಲವೂ ಅದರ ಹಿಂದೆಯೇ ಬ್ಯಾಂಕಿನವರ ತಪಾಸಣೆಯೂ ಉಂಟು. ಎಂಟು ಹತ್ತು ಅಡಿಯ ಮೊಗಸಾಲೆಯನ್ನು ಕಟ್ಟಿಸುವ ಗೃಹಸ್ಥನಿಗಾದರೋ ಇವಾವುವೂ ಇಲ್ಲ. ದೊಡ್ಡ ಗುತ್ತಿಗೆದಾರರಿಗೆ ಈ ಕೆಲಸ ಅಲ್ಪವಾಗಿ ತೋರುತ್ತದೆ. ಚಿಕ್ಕವರಲ್ಲಿ ನಂಬಿಕೆಗೆ ತಕ್ಕವನು ಯಾವನೆಂಬುದನ್ನು ಗೊತ್ತುಮಾಡುವ ಬಗೆ ಗೃಹಸ್ಥನಿಗೆ ತಿಳಿಯದು. ಆದುದರಿಂದ ಅವನು ಪಕ್ಕದ ಮನೆಯವರು ಹೇಳಿದವನನ್ನೋ, ಎಲ್ಲರಿಗಿಂತ ಕಡಮೆ ಹಣ ಕೇಳಿದವನನ್ನೋ ಕರೆದು ಕೆಲಸವನ್ನು ಒಪ್ಪಿಸಿ, ದೇವರ ಮೇಲೆ ಭಾರ ಹಾಕಿ ಕುಳಿತುಬಿಡುವನು. ಅನಂತರ ಆ ಚಾವಣಿಯ ಭಾರ ಯಾರ ಮೇಲೆ ಬೀಳುವುದೆಂಬುದೇ ವಿಚಾರ ಮಾಡತಕ್ಕ ವಿಷಯ.

ಮನೆಯ ಹೊರಬಾಗಿಲ ಮುಂದಿನ ಈ ಎಡೆಗೆ ಅಮರಕೋಶವು ಪ್ರಘಾಣ, ಪ್ರಘಣ, ಅಲಿಂದ ಎಂಬ ಮೂರು ಹೆಸರುಗಳನ್ನು ಕೊಟ್ಟಿದೆ. ನಮ್ಮ ಜನರು ಜಗಲಿ, ಮೊಗಸಾಲೆ, ಪಡಸಾಲೆ ಎಂದು ಊರಿಗೊಂದು ಬಗೆಯಾಗಿ ಕರೆದರು. ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿ ಮರದ ಜಾಲರಿಯೂ ಚೂಪಾದ ಮುಂಚಾಚೂ ಇರತಕ್ಕ ಮೊಗಸಾಲೆಗಳಿದ್ದುವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಹಬ್ಬಿದ ಕೆಂಪು ಹೆಂಚುಗಳು ಇಂತಹ ಎಷ್ಟೋ ಮೊಗಸಾಲೆಗಳಿಗೆ ಹೊದಿಕೆಯಾದುವು. ಈಗಿನ ಮೇಸ್ತ್ರಿಗಳು ಇದನ್ನು 'ಪೋರ್ಟಿಕೊ' ಎನ್ನುವರು. ಹೆಸರು ಯಾವುದಾದರೇನು? ಒಳಗೂ ಅಲ್ಲದ, ಬೀದಿಯೂ ಅಲ್ಲದ ಈ ಒಂದು ಎಡೆಯಿಂದಲೇ ಮನೆಗೂ ಲೋಕಕ್ಕೂ ಸಂಬಂಧ. ಹಾಲಿನವನು ನಿಲ್ಲುವುದು ಇಲ್ಲಿ. ಮಳೆಗೆ ಸಿಕ್ಕಿದ ಅಪರಿಚಿತನು ಕೇಳದೆಯೇ ಬಂದು ನಿಲ್ಲಬಹುದಾದುದೂ ಇಲ್ಲಿ. ಮೊಳಕಾಲು ನೋವಿನ ಮುದುಕರು ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕುಳಿತುಕೊಳ್ಳುವುದೂ ಇಲ್ಲಿಯೇ. ಇಷ್ಟು ಜನರ ತಲೆಯ ಮೇಲಿರುವ ಚಾವಣಿಯನ್ನು ಯಾರ ಕೈಗೆ ಒಪ್ಪಿಸುವೆವೆಂಬುದು ಸಣ್ಣ ಪ್ರಶ್ನೆಯಲ್ಲ. ಹತ್ತಡಿ ಉದ್ದ, ಎಂಟಡಿ ಅಗಲ, ಐದಂಗುಲ ದಪ್ಪದ ಕಾಂಕ್ರೀಟಿನ ಹಾಸು ಎರಡು ಸಾವಿರದ ಮುನ್ನೂರು ಕಿಲೋಗ್ರಾಮಿಗೂ ಹೆಚ್ಚು ತೂಗುವುದೆಂಬುದನ್ನು ನೆನೆದರೆ ಸಾಕು.

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಈ ಕೆಲಸಕ್ಕೆ ಇನ್ನೂ ಕೆಲವು ತೊಡಕುಗಳುಂಟು. ಈ ಬಡಾವಣೆಯು ಸಮತಟ್ಟಾದುದಲ್ಲ. ಒಂದೇ ಬಂಡೆಯಲ್ಲಿ ಮೂಡಿದ ಸುಮಾರು ೨೨ ಅಡಿ ಎತ್ತರದ ಪ್ರಸನ್ನ ವೀರಾಂಜನೇಯಸ್ವಾಮಿಯು ನೆಲೆಸಿರುವ ಗುಡ್ಡವನ್ನು ಕಂಡವರಿಗೆ ಇಲ್ಲಿನ ನೆಲದ ಸ್ವಭಾವವು ತಾನೇ ತಿಳಿಯುವುದು. ಅನೇಕ ಬೀದಿಗಳು ಏರಿ ಇಳಿಯುವುವು. ಬೀದಿಯ ಒಂದು ಮಗ್ಗುಲಿನವರು ಮೆಟ್ಟಿಲು ಹತ್ತಿ ಮನೆಗೆ ಹೋದರೆ ಇನ್ನೊಂದು ಮಗ್ಗುಲಿನವರು ಇಳಿದು ಹೋಗುವರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯು ವರ್ಷ ಕಳೆದಂತೆ ಎತ್ತರವಾಗುತ್ತ ಬರುವುದು. ಮನೆಯ ಅಂಗಳವು ಮಾತ್ರ ಇದ್ದಲ್ಲಿಯೇ ಇರುವುದು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆಯ ಮುಂದೆ ಉಳಿಯುವ ಎಡೆ ಎಷ್ಟು? ಆ ಅಲ್ಪವಾದ ಎಡೆಯಲ್ಲಿಯೇ ನೆಲದೊಳಗೆ ನೀರಿನ ಸಂಪು, ಅದರ ಪಕ್ಕದಲ್ಲಿ ಕೊಳಾಯಿಯ ಪೈಪು, ಮೋರಿಯ ಗುಂಡಿ. ೨೦೧೪ರ ಮಾರ್ಚಿಯಲ್ಲಿ ಮೆಟ್ರೋ ರೈಲು ಈ ದಾರಿಯಲ್ಲಿ ಓಡತೊಡಗಿದಂದಿನಿಂದ ನೆಲಕ್ಕೆ ಬೆಲೆ ಬಂದಿತು. ಇರುವ ಒಂದಡಿಯನ್ನೂ ಬಿಡದೆ ಚಾವಣಿಯಡಿಗೆ ತರಬೇಕೆಂಬ ಆಸೆಯೂ ಅದರೊಡನೆ ಬಂದಿತು.

ಆದುದರಿಂದ ಮೇಸ್ತ್ರಿಯನ್ನು ಹುಡುಕುವುದಕ್ಕೆ ಮುಂಚೆ ಗೃಹಸ್ಥನು ಕೇಳಬೇಕಾದ ಪ್ರಶ್ನೆ ಒಂದುಂಟು: ಈ ಎಡೆಯಲ್ಲಿ ಕಟ್ಟುವುದಕ್ಕೆ ನನಗೆ ಹಕ್ಕಿದೆಯೆ? ಮನೆಯ ಸುತ್ತಲೂ ತೆರಪನ್ನು ಬಿಡಬೇಕೆಂಬುದು ಈ ಕಾಲದ ಅಧಿಕಾರಿಗಳ ಕಲ್ಪನೆಯೆಂದು ಹಲವರು ತಿಳಿದಿರುವರು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣವನ್ನು ಓದಿದವರು ಹಾಗೆನ್ನಲಾರರು. ನೆರೆಯವನ ಗೋಡೆಗೂ ತನ್ನ ಗೋಡೆಗೂ ನಡುವೆ ಇರತಕ್ಕ ಅಂತರ, ಸೂರಿಗೂ ಸೂರಿಗೂ ಇರತಕ್ಕ ದೂರ, ನೀರು ಹರಿದುಹೋಗುವ ಕ್ರಮ ಇವೆಲ್ಲವನ್ನೂ ಅಲ್ಲಿ ವಿಧಿಸಿ, ತಪ್ಪಿದವನಿಗೆ ದಂಡವನ್ನೂ ಹೇಳಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ನಮ್ಮ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದುವು. ಪಾಲಿಕೆಯ ಹೆಸರು ಬದಲಾದ ಮಾತ್ರಕ್ಕೆ ನೆರೆಯವನ ಗಾಳಿ ಬೆಳಕುಗಳಿಗೆ ಅಡ್ಡಬಾರದೆಂಬ ಧರ್ಮವು ಬದಲಾಗುವುದಿಲ್ಲ. ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಿ, ಆಗುವುದೋ ಆಗದೋ ಎಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು. "ಅದೆಲ್ಲ ನಾನು ನೋಡಿಕೊಳ್ಳುತ್ತೇನೆ ಸ್ವಾಮಿ, ನೀವು ಯೋಚನೆ ಮಾಡಬೇಡಿ" ಎನ್ನುವ ಗುತ್ತಿಗೆದಾರನನ್ನು ಅಲ್ಲಿಯೇ ಕೈಮುಗಿದು ಬೀಳ್ಕೊಡುವುದು ಲೇಸು. ನಾಳೆ ನೋಟೀಸು ಬರುವುದು ಮನೆಯ ಯಜಮಾನನ ಹೆಸರಿಗೇ ಹೊರತು ಅವನ ಹೆಸರಿಗಲ್ಲ.

ಇನ್ನು ಆಯ್ಕೆಯ ಮಾತು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನು 'ಸಮರಾಂಗಣಸೂತ್ರಧಾರ'ವೆಂಬ ವಾಸ್ತುಗ್ರಂಥದಲ್ಲಿ ಸ್ಥಪತಿಯ ಲಕ್ಷಣವನ್ನು ಹೇಳುವಾಗ ನಾಲ್ಕು ಗುಣಗಳನ್ನು ಎಣಿಸಿದ್ದಾನೆ: ಶಾಸ್ತ್ರ, ಕರ್ಮ, ಪ್ರಜ್ಞೆ, ಶೀಲ. ಶಾಸ್ತ್ರವನ್ನು ಮಾತ್ರ ಬಲ್ಲವನು ಕೆಲಸದ ಹೊತ್ತಿನಲ್ಲಿ ಯುದ್ಧವನ್ನು ಕಂಡ ಹೇಡಿಯಂತೆ ಕಂಗೆಡುವನೆಂದೂ, ಕೈಕೆಲಸವನ್ನು ಮಾತ್ರ ಬಲ್ಲವನು ಪರರು ಕೈಹಿಡಿದು ನಡೆಸುವ ಕುರುಡನಂತೆಂದೂ ಅವನ ಅಭಿಪ್ರಾಯ. ಈ ನಾಲ್ಕು ಮಾತುಗಳನ್ನು ಮೊದಲು ಓದಿದಾಗ ಇವು ದೇವಾಲಯಗಳನ್ನೂ ಅರಮನೆಗಳನ್ನೂ ಕಟ್ಟುವವರಿಗೆ ಹೇಳಿದುವೆಂದು ತೋರಿತ್ತು. ನಮ್ಮ ಮನೆಯ ಮುಂದೆ ಮೊಗಸಾಲೆಯಾಗಬೇಕೆಂಬ ಮಾತು ಹುಟ್ಟಿ, ಮೂವರು ಬಂದು ಮೂರು ಬಗೆಯಾಗಿ ಮಾತನಾಡಿ ಹೋದ ಮೇಲೆ, ಎಂಟಡಿಯ ಚಾವಣಿಗೂ ಇವಕ್ಕಿಂತ ಮೇಲಾದ ಒರೆಗಲ್ಲಿಲ್ಲವೆಂದು ಮನಗಂಡೆನು.

ಮೊದಲು ಬಂದವನು ಅಳತೆಯ ಟೇಪನ್ನು ಜೇಬಿನಿಂದ ತೆಗೆಯದೆಯೇ ಚದರಡಿಗೆ ಇಷ್ಟೆಂದು ದರವನ್ನು ಹೇಳಿದನು. ಅದು ಉಳಿದಿಬ್ಬರ ದರಕ್ಕಿಂತ ಕಡಮೆಯಾಗಿತ್ತು. ಎರಡನೆಯವನನ್ನು ನನ್ನ ಮಡದಿಯ ತವರಿನ ಹಿರಿಯರೊಬ್ಬರು ಕಳುಹಿಸಿದ್ದರು. ಅವನು ತನ್ನ ಫೋನಿನಲ್ಲಿ ಬಗೆಬಗೆಯ ಮನೆಗಳ ಅಂದವಾದ ಚಿತ್ರಗಳನ್ನು ತೋರಿಸಿ, "ನಮ್ಮವರಲ್ಲಿ ಲೆಕ್ಕವೇಕೆ, ಕೊಟ್ಟಷ್ಟು ಕೊಡಿ" ಎಂದನು. ಮೂರನೆಯವರು ಐವತ್ತು ದಾಟಿದ ಮೇಸ್ತ್ರಿ. ಅವರು ಹಣದ ಮಾತನ್ನೇ ಎತ್ತದೆ ಅಂಗಳದಲ್ಲಿ ಎರಡು ಸುತ್ತು ನಡೆದು, "ಮೇಷ್ಟ್ರೇ, ಸಂಪು ಎಲ್ಲಿದೆ? ಮಳೆಯ ನೀರು ಯಾವ ಕಡೆಗೆ ಹೋಗುತ್ತದೆ?" ಎಂದು ಕೇಳಿದರು.

ಭೋಜನ ಮಾತಿನಂತೆ ಮೊದಲು ಶಾಸ್ತ್ರವನ್ನು ನೋಡೋಣ. ಗೃಹಸ್ಥನು ತಾನು ಇಂಜಿನಿಯರನಾಗಬೇಕಾದುದಿಲ್ಲ. ಆದರೆ ಮೂರು ಪ್ರಶ್ನೆಗಳನ್ನು ಕೇಳುವಷ್ಟು ಅರಿತಿರಬೇಕು. ಮೊದಲನೆಯದು: ಕಂಬದಿಂದಾಚೆಗೆ ಹೊರಚಾಚಿದ ಹಾಸಿನಲ್ಲಿ ಮುಖ್ಯವಾದ ಕಬ್ಬಿಣದ ಕಂಬಿಗಳು ಮೇಲ್ಭಾಗದಲ್ಲಿರಬೇಕೋ ಕೆಳಭಾಗದಲ್ಲಿರಬೇಕೋ? ಎರಡು ಕಡೆ ಆಧಾರವಿರುವ ಹಾಸು ನಡುವೆ ಕೆಳಕ್ಕೆ ಬಾಗುವುದರಿಂದ ಅಲ್ಲಿ ಕಂಬಿಗಳು ಕೆಳಗಿರಬೇಕು. ಹೊರಚಾಚಿದ ಹಾಸು ತುದಿಯಲ್ಲಿ ಜೋಲುವುದರಿಂದ ಅದರ ಮೇಲ್ಮೈ ಹಿಗ್ಗಿ ಬಿರಿಯುವುದು. ಆದಕಾರಣ ಅಲ್ಲಿ ಕಂಬಿಗಳು ಮೇಲಿರಬೇಕು. ಕಾಂಕ್ರೀಟನ್ನು ಹೊತ್ತು ಓಡಾಡುವ ಕೂಲಿಯವರು ಇವನ್ನು ತುಳಿದು ಕೆಳಕ್ಕೆ ಒತ್ತಿಬಿಟ್ಟರೆ, ಹೊರನೋಟಕ್ಕೆ ಏನೂ ಕಾಣದೆ ಒಳಗೆ ಕಬ್ಬಿಣವಿದ್ದೂ ಇಲ್ಲದಂತಾಗುವುದು. ಎರಡನೆಯದು: ನೀರೆಷ್ಟು? ೨೦೦೦ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ೪೫೬ರ ಪ್ರಕಾರ, ಮನೆಗಳಿಗೆ ವಾಡಿಕೆಯಾದ 'ಎಂ ೨೦' ಎಂಬ ಕಾಂಕ್ರೀಟನ್ನು ಗೊತ್ತಾದ ಪ್ರಮಾಣದಿಂದ ಕಲಸುವಾಗ ೫೦ ಕಿಲೋಗ್ರಾಮಿನ ಒಂದು ಮೂಟೆ ಸಿಮೆಂಟಿಗೆ ಹೆಚ್ಚೆಂದರೆ ೩೦ ಲೀಟರು ನೀರು. ಸುಲಭವಾಗಿ ಹರಿಯಲೆಂದು ಬಕೆಟ್ಟುಗಟ್ಟಲೆ ಸುರಿದ ನೀರು ಮುಂದೆ ಆರಿಹೋಗಿ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುವುದು. ಆ ರಂಧ್ರಗಳ ದಾರಿಯಿಂದ ಮಳೆಯು ಕಬ್ಬಿಣವನ್ನು ಸೇರುವುದು. ಮೂರನೆಯದು: ಎಷ್ಟು ದಿನ ನೀರುಣಿಸಬೇಕು? ಸಾಧಾರಣ ಸಿಮೆಂಟಿಗೆ ಕಡಮೆಯೆಂದರೆ ೭ ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಮಿಶ್ರ ಸಿಮೆಂಟಿಗೆ ೧೦ ದಿನ. ೧೪ ದಿನವಾದರೆ ಇನ್ನೂ ಲೇಸು.

ಈ ಮೂರನ್ನೂ ಮೂವರಲ್ಲಿಯೂ ಕೇಳಿದೆನು. ಮೊದಲನೆಯವನು, "ಅದೆಲ್ಲ ನಮ್ಮ ಹುಡುಗರಿಗೆ ಗೊತ್ತು" ಎಂದನು. ಎರಡನೆಯವನು ನಕ್ಕನು. ಮೂರನೆಯವರು ನೆಲದ ಮೇಲೆ ಒಂದು ಕಡ್ಡಿಯಿಂದ ಗೀರಿ, ಹಾಸು ಎಲ್ಲಿ ಬಾಗುವುದು, ಕಂಬಿ ಎಲ್ಲಿ ಮೇಲಕ್ಕೇರಬೇಕು ಎಂಬುದನ್ನು ತೋರಿಸಿದರು. ಅವರು ಓದಿದುದು ಏಳನೆಯ ತರಗತಿಯವರೆಗೆ. ಶಾಸ್ತ್ರವು ಪುಸ್ತಕದಲ್ಲಿಯೇ ಇರಬೇಕೆಂಬ ನಿಯಮವಿಲ್ಲವಷ್ಟೆ.

ಎರಡನೆಯ ಗುಣವಾದ ಕರ್ಮವನ್ನು ಚಿತ್ರಗಳಿಂದ ಅರಿಯಲಾಗದು, ಹೋಗಿ ನೋಡಬೇಕು. ಅದರಲ್ಲಿಯೂ ನಿನ್ನೆ ಮೊನ್ನೆ ಬಣ್ಣ ಬಳಿದ ಕೆಲಸವನ್ನು ನೋಡಿ ಪ್ರಯೋಜನವಿಲ್ಲ. ಮೂರು ಮಳೆಗಾಲಗಳನ್ನಾದರೂ ಕಂಡ ಕೆಲಸವನ್ನು ತೋರಿಸೆನ್ನಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೭೦ ಮಿಲಿಮೀಟರು ಮಳೆ. ಎಂಬತ್ತು ಚದರಡಿಯ ಚಾವಣಿಯ ಮೇಲೆ ವರ್ಷವೊಂದರಲ್ಲಿ ಏಳು ಸಾವಿರ ಲೀಟರು ನೀರು ಬೀಳುವುದೆಂದಾಯಿತು. ಇಷ್ಟು ನೀರು ಮೂರು ವರ್ಷ ಪರೀಕ್ಷಿಸಿ ಬಿಟ್ಟ ಕೆಲಸವು ಬಹುಮಟ್ಟಿಗೆ ತೇರ್ಗಡೆಯಾದಂತೆಯೇ. ಅಲ್ಲಿ ಕತ್ತೆತ್ತಿ ಚಾವಣಿಯ ತಳವನ್ನು ನೋಡಬೇಕು. ತುಕ್ಕಿನ ಕಂದುಬಣ್ಣದ ಗೆರೆಗಳಿದ್ದರೆ ಕಂಬಿಗೆ ಹೊದಿಕೆ ಸಾಲದೆಂದು ಅರ್ಥ. ಹಳೆಯ ಗೋಡೆಗೂ ಹೊಸ ಹಾಸಿಗೂ ಕೂಡುವ ಸಂಧಿಯಲ್ಲಿ ಬಿರುಕಾಗಲಿ ತೇವವಾಗಲಿ ಉಂಟೇ ಎಂದು ನೋಡಬೇಕು. ಚಾವಣಿಯ ಅಂಚಿನ ಕೆಳಗೆ, ನೀರು ಹಿಂದಕ್ಕೆ ಹರಿದು ಗೋಡೆಯನ್ನು ಸೇರದಂತೆ ಕಿರಿದಾದ ಒಂದು ತೋಡನ್ನು ತೆಗೆದಿರುವನೇ ಎಂಬುದನ್ನು ಮರೆಯದೆ ನೋಡಬೇಕು. ಈ ಬೆರಳಗಲದ ತೋಡು ಮೇಸ್ತ್ರಿಯ ಯೋಗ್ಯತೆಯನ್ನು ಅವನ ಮಾತಿಗಿಂತ ಚೆನ್ನಾಗಿ ಹೇಳುತ್ತದೆ. ಆ ಮನೆಯವರನ್ನು, "ಕೆಲಸ ಚೆನ್ನಾಗಿದೆಯೇ?" ಎಂದು ಕೇಳುವುದಕ್ಕಿಂತ, "ಹಣವೆಲ್ಲ ಸಂದ ಮೇಲೆ ಕರೆದಾಗ ಬಂದನೇ?" ಎಂದು ಕೇಳುವುದು ಮೇಲು. ನಾನೂ ಮಡದಿಯೂ ಕುರುಬರಹಳ್ಳಿಯ ಕಡೆ ಎರಡು ಮನೆಗಳಿಗೆ ಹೋಗಿ ಬಂದೆವು. ಒಂದು ಮನೆಯ ಯಜಮಾನಿತಿಯು, "ಒಂದು ಸಲ ಸೋರಿತು, ಮಾರನೆಯ ದಿನವೇ ಬಂದು ಸರಿಮಾಡಿ ಹೋದರು" ಎಂದಳು. ಒಂದು ಸಲವೂ ಸೋರಲಿಲ್ಲವೆಂಬ ಮಾತಿಗಿಂತ ಈ ಮಾತು ನಮಗೆ ಹೆಚ್ಚು ಧೈರ್ಯವನ್ನು ಕೊಟ್ಟಿತು.

ಮೂರನೆಯದು ಪ್ರಜ್ಞೆ; ಎಂದರೆ ಪುಸ್ತಕದಲ್ಲಿಯೂ ಇಲ್ಲದ, ಹಿಂದೆ ಮಾಡಿದ ಕೆಲಸದಲ್ಲಿಯೂ ಒದಗದಿದ್ದ ಸಂದರ್ಭವು ಎದುರಾದಾಗ ಸರಿಯಾದುದನ್ನು ಕಾಣುವ ಶಕ್ತಿ. ಸಂಪಿನ ಪ್ರಶ್ನೆಯಿಂದ ಇದು ವ್ಯಕ್ತವಾಯಿತು. ನೀರು ತುಂಬಿದ ಸಂಪಿನ ಗೋಡೆಗೆ ತಾಗಿದಂತೆ ಕಂಬದ ತಳಪಾಯವನ್ನು ತೋಡಿದರೆ ಆ ಗೋಡೆಯ ಬೆನ್ನ ಹಿಂದಿನ ಮಣ್ಣು ಸಡಿಲುವುದು. ಕಂಬದ ಭಾರವು ಅದನ್ನು ಒತ್ತುವುದು. ಇಂದು ಮೊಗಸಾಲೆಯಾಗಿ, ನಾಳೆ ಸಂಪು ಬಿರಿದು, ನಾಡಿದ್ದು ಕಂಬ ಕುಸಿಯುವುದು. ಮೇಸ್ತ್ರಿಗಳು ಕಂಬವನ್ನು ಮೂರಡಿ ಸರಿಸಿ, ನಾವು ಬಯಸಿದ್ದ ಅಗಲವನ್ನು ಒಂದಡಿ ತಗ್ಗಿಸಿದರು. ರಸ್ತೆಯು ಇನ್ನೂ ಎತ್ತರವಾಗಬಹುದೆಂದು ಹೇಳಿ, ಮೊಗಸಾಲೆಯ ನೆಲವನ್ನು ರಸ್ತೆಗಿಂತ ಒಂಬತ್ತಂಗುಲ ಎತ್ತರಿಸಿ ಹೊರಕ್ಕೆ ವಾಟವಾಗಿಟ್ಟರು. ನಮ್ಮ ಮನಸ್ಸಿಗೆ ಬಂದುದಕ್ಕೆಲ್ಲ 'ಆಗಲಿ' ಎನ್ನುವವನಿಗಿಂತ, ಒಂದಕ್ಕಾದರೂ 'ಬೇಡ' ಎಂದು ಕಾರಣ ಹೇಳುವವನನ್ನು ನಂಬಬಹುದು.

ಕಡೆಯದು ಶೀಲ. ಇದನ್ನು ಕಡೆಯಲ್ಲಿ ಹೇಳಿದುದರಿಂದ ಕಡಮೆಯೆಂದು ತಿಳಿಯಬಾರದು. ಕಾಂಕ್ರೀಟು ಒಮ್ಮೆ ಗಟ್ಟಿಯಾದ ಮೇಲೆ ಅದರೊಳಗೆ ಏನಿದೆಯೆಂಬುದನ್ನು ಬಲ್ಲವರು ಮಾಡಿದವನೂ ದೇವರೂ ಮಾತ್ರ. ಆದಕಾರಣ ಶೀಲವೇ ಇಲ್ಲಿ ಕಬ್ಬಿಣಕ್ಕಿಂತ ಮುಖ್ಯವಾದ ಆಧಾರ. ಇದನ್ನು ಪರೀಕ್ಷಿಸುವ ಬಗೆ ಹೇಗೆ? ಅವನು ತನ್ನ ಕೈಕೆಳಗಿನ ಆಳುಗಳನ್ನು ಹೇಗೆ ನಡೆಸಿಕೊಳ್ಳುವನೆಂಬುದನ್ನು ನೋಡಬೇಕು. ವಾರದ ಬಟವಾಡೆಯನ್ನು ತಪ್ಪಿಸುವವನು ನಮ್ಮ ಸಿಮೆಂಟಿನಲ್ಲಿಯೂ ತಪ್ಪುವನು. ಕಟ್ಟಡದ ಕೆಲಸಗಾರರ ಕ್ಷೇಮಕ್ಕಾಗಿ ೧೯೯೬ರಲ್ಲಿಯೇ ಕಾಯಿದೆಯಾಗಿದೆ; ಅದರಂತೆ ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಲಿಯೂ ಇದೆ. ಆಳುಗಳು ಅಲ್ಲಿ ನೋಂದಾಯಿಸಿಕೊಂಡಿರುವರೇ ಎಂದು ಕೇಳಿದರೆ, ಮೇಸ್ತ್ರಿಯ ಮುಖಭಾವದಿಂದಲೇ ಬಹಳ ಮಟ್ಟಿಗೆ ಉತ್ತರ ದೊರೆಯುವುದು.

ಆಯ್ಕೆಯಲ್ಲಿ ಕಷ್ಟವಾದುದು ಅರಿಯುವುದಲ್ಲ, ಅರಿತಂತೆ ನಡೆಯುವುದು. ನಂಟರು ಕಳುಹಿಸಿದವನನ್ನು ಬೇಡವೆನ್ನುವುದು ಸುಲಭವಲ್ಲ. "ಅಣ್ಣನವರಿಗೆ ಏನೆಂದು ಹೇಳಲಿ?" ಎಂದು ಮಡದಿಯು ಎರಡು ದಿನ ಚಿಂತಿಸಿದಳು. ಆಕೆಯ ಚಿಂತೆ ಸುಳ್ಳಾಗಲಿಲ್ಲ. ಆ ಹಿರಿಯರು ಕೆಲವು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಆದರೆ ಲೆಕ್ಕವಿಲ್ಲದೆ ಕೆಲಸ ಮಾಡುವ ನಂಟನೊಡನೆ ಕಡೆಗೆ ಲೆಕ್ಕವೂ ಉಳಿಯದು, ನಂಟೂ ಉಳಿಯದು. ಸಂಬಂಧವನ್ನು ಕಾಪಾಡಬೇಕೆಂಬವನು ಅದರ ಮೇಲೆ ಕಾಂಕ್ರೀಟಿನ ಭಾರವನ್ನು ಹೊರಿಸಬಾರದು. ಮೂರನೆಯವರ ದರವು ಮೊದಲನೆಯವನದಕ್ಕಿಂತ ಹೆಚ್ಚಾಗಿತ್ತು. ನಿವೃತ್ತಿಯ ಹಣದಿಂದ ತೆಗೆದು ಕೊಡಬೇಕಾಗಿದ್ದುದರಿಂದ ಆ ಹೆಚ್ಚಳವು ನಮಗೆ ಹಗುರವಾಗಿರಲಿಲ್ಲ. ಆದರೂ ಅವರಿಗೇ ಕೆಲಸವನ್ನು ಒಪ್ಪಿಸಿದೆವು.

ಒಪ್ಪಿಸುವಾಗ ಬರೆಹದಲ್ಲಿರಬೇಕು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಿಜ. ಬರೆದುಕೊಂಡವನಿಗೆ ಜಗಳವು ಇನ್ನೂ ದೂರ. ಕೆಲಸದ ಅಳತೆ, ಸಿಮೆಂಟಿನ ಜಾತಿ, ಕಂಬಿಯ ದಪ್ಪ, ಹಾಸಿನ ದಪ್ಪ, ಒಟ್ಟು ಹಣ, ಮುಗಿಸುವ ಗಡುವು, ಮುರಿದ ಕಲ್ಲುಮಣ್ಣನ್ನು ಸಾಗಿಸುವ ಹೊಣೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡತಕ್ಕದ್ದು. ಹಣವನ್ನು ಮುಂಗಡವಾಗಿ ಅರ್ಧಕ್ಕರ್ಧ ಕೊಡದೆ, ತಳಪಾಯವಾದಾಗ ಇಷ್ಟು, ಕಂಬ ಎದ್ದಾಗ ಇಷ್ಟು, ಚಾವಣಿಯಾದಾಗ ಇಷ್ಟು ಎಂದು ಹಂಚಬೇಕು. ಹತ್ತರಲ್ಲೊಂದು ಪಾಲನ್ನು ಒಂದು ದೊಡ್ಡ ಮಳೆ ಬಂದು ಹೋಗುವವರೆಗೆ ಉಳಿಸಿಕೊಳ್ಳುವೆವೆಂದು ಮೊದಲೇ ಹೇಳಿ ಒಪ್ಪಿಸಬೇಕು. ಇದೇ ನ್ಯಾಯವು ನಮಗೂ ಅನ್ವಯಿಸುವುದು. ಕೂಲಿಯನ್ನು ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣ ದಂಡವನ್ನು ವಿಧಿಸಿದ ಕೌಟಿಲ್ಯನು, ಕೂಲಿಯನ್ನು ಕೊಡದ ಯಜಮಾನನಿಗೂ ದಂಡವನ್ನು ವಿಧಿಸಿದ್ದಾನೆ.

ನಮ್ಮ ಕಾಲದ ಕಾನೂನೂ ಗೃಹಸ್ಥನನ್ನು ಕೈಬಿಟ್ಟಿಲ್ಲ. ಮನೆ ಕಟ್ಟಿಕೊಡುವುದು ಗ್ರಾಹಕರಿಗೆ ಸಲ್ಲಿಸುವ ಸೇವೆಯೆಂದು ಸುಪ್ರೀಂ ಕೋರ್ಟು ೧೯೯೩ರಲ್ಲಿ ತೀರ್ಮಾನಿಸಿತು. ಈಗ ಜಾರಿಯಲ್ಲಿರುವ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಗುತ್ತಿಗೆದಾರನ ಕೆಲಸದಲ್ಲಿ ಕೊರತೆಯಿದ್ದರೆ ಎರಡು ವರ್ಷಗಳೊಳಗಾಗಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆ ದೂರಿಗೆ ಬಲ ಬರುವುದು ರುಜುವಾದ ಹಾಳೆಯಿಂದಲೂ ಹಣ ಸಂದ ರಸೀತಿಗಳಿಂದಲೂ.

ಚಾವಣಿಯ ದಿನ ಕಂಬಿಗಳು ಮೇಲೆಯೇ ಇರಲೆಂದು ಕೆಳಗೆ ಆನಿಕೆಗಳನ್ನು ಕೊಟ್ಟು, ಓಡಾಟಕ್ಕೆ ಹಲಗೆಗಳನ್ನು ಹಾಸಿದ್ದರು. ಒಬ್ಬ ಹುಡುಗನು ಅವಸರದಲ್ಲಿ ಹಲಗೆಯನ್ನು ಬಿಟ್ಟು ಕಂಬಿಯ ಮೇಲೆ ಕಾಲಿಟ್ಟನು. ಮೇಸ್ತ್ರಿಗಳು ಕೆಲಸವನ್ನು ನಿಲ್ಲಿಸಿ, ಕುಸಿದ ಕಂಬಿಯನ್ನು ಎತ್ತಿ ಕಟ್ಟಿಸಿ, ಆಮೇಲೆಯೇ ಮುಂದುವರಿಸಿದರು. ವಾರ ಕಳೆದ ಮೇಲೆ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಬರುವವರಿಗೆ ಅಡ್ಡವಾಗುವುದೆಂದು ಆಸರೆಯ ಗೂಟಗಳನ್ನು ತೆಗೆದುಬಿಡಿರೆಂದು ಮಗನು ಕೇಳಿದನು. "ತೆಗೆಯುವುದಕ್ಕೆ ಅರ್ಧ ಗಂಟೆ ಸಾಕು ಸ್ವಾಮಿ. ಆದರೆ ಮಗುವಿಗೆ ಹೆಸರಿಡುವ ದಿನ ಇದರ ಕೆಳಗೆ ನಾನು ನಿಲ್ಲಲಾರೆ, ನಿಮ್ಮನ್ನು ಹೇಗೆ ನಿಲ್ಲಿಸಲಿ?" ಎಂದರು. ಗೂಟಗಳ ನಡುವೆಯೇ ತೋರಣ ಕಟ್ಟಿದೆವು. ಬಂದವರೆಲ್ಲರೂ ತಲೆ ಬಗ್ಗಿಸಿಕೊಂಡು ಒಳಗೆ ಬಂದರು. ಇಪ್ಪತ್ತೆಂಟನೆಯ ದಿನ ಗೂಟಗಳು ಹೊರಟುವು.

೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅದನ್ನು ಕೀರ್ತಿಯ ಆಸೆಯೆಂದು ಕೆಲವರು ಹೇಳಬಹುದು; ನನಗೆ ಅದು ಹೊಣೆಯ ಒಪ್ಪಿಗೆಯಂತೆ ತೋರುತ್ತದೆ. ಇದನ್ನು ಮಾಡಿದವನು ನಾನು, ಕುಂದಿದ್ದರೆ ನನ್ನನ್ನು ಕೇಳಿ ಎಂಬುದೇ ಅದರ ಅಭಿಪ್ರಾಯ. ತನ್ನ ಕೆಲಸದ ಕೆಳಗೆ ಹೆಸರು ಬರೆಯಲು ಅಂಜದ ಮೇಸ್ತ್ರಿಯನ್ನು ಹುಡುಕುವುದೇ ಗೃಹಸ್ಥನ ಕೆಲಸ. ಅಂತಹವನು ದೊರೆತ ಮೇಲೆ, ಭೋಜನು ಹೇಳಿದ ಆ ನಾಲ್ಕು ಗುಣಗಳು ಕಟ್ಟಿಸುವವನಲ್ಲಿಯೂ ಸ್ವಲ್ಪ ಇರಬೇಕು: ಕೇಳುವಷ್ಟು ಶಾಸ್ತ್ರ, ದಿನಕ್ಕೆ ಮೂರು ಸಲ ಚಾವಣಿಗೆ ನೀರು ಹಾಕುವಷ್ಟು ಕರ್ಮ, 'ಬೇಡ'ವೆಂದಾಗ ಒಪ್ಪುವಷ್ಟು ಪ್ರಜ್ಞೆ, ಹೇಳಿದ ದಿನ ಹೇಳಿದ ಹಣವನ್ನು ಕೊಡುವಷ್ಟು ಶೀಲ. ಇವು ಎರಡು ಕಡೆಯೂ ಕೂಡಿದಲ್ಲಿ ಕಟ್ಟಿದ ಮೊಗಸಾಲೆಯ ಕೆಳಗೆ, ಮಳೆಯಲ್ಲಿ ಓಡಿಬಂದ ದಾರಿಹೋಕನನ್ನು "ಒಳಗೆ ಬನ್ನಿ" ಎಂದು ನಿಶ್ಚಿಂತೆಯಿಂದ ಕರೆಯಬಹುದು.